ಅನ್ನ, ಔಷಧ, ಅಭಯ: ಬೆಂಗಳೂರು ದಂಡಿನ ಆಸ್ಪತ್ರೆಗಳ ಚರಿತ್ರೆ

ಕಲ್ಯಾಣವೆಂಬ ಶಬ್ದವು ಈಗಿನ ಕನ್ನಡದಲ್ಲಿ ಹೆಚ್ಚಾಗಿ ಮದುವೆಗೂ ಮಂಗಳಕಾರ್ಯಗಳಿಗೂ ಸಲ್ಲುತ್ತಿದೆ. ಅದರ ಮೂಲದಲ್ಲಿ ಅಡಗಿರುವ ಅರ್ಥವು ಬೇರೆ. ಕಲ್ಯನೆಂದರೆ ರೋಗವಿಲ್ಲದವನು, ಅಮರಕೋಶವು ಈ ಶಬ್ದವನ್ನು ನಿರಾಮಯನೆಂಬುದರ ಪರ್ಯಾಯಗಳೊಳಗೆ ಸೇರಿಸಿದೆ. ಕಲ್ಯತೆಯನ್ನು, ಎಂದರೆ ಆರೋಗ್ಯವನ್ನು, ತಂದುಕೊಡುವುದೇ ಕಲ್ಯಾಣವೆಂದು ವ್ಯಾಖ್ಯಾನಕಾರರು ನಿರ್ವಚನ ಮಾಡಿರುವರು. ಆದುದರಿಂದ ಒಂದು ಊರಿಗೆ ಕಲ್ಯಾಣನಗರವೆಂದು ಹೆಸರಿಟ್ಟರೆ ಅದು ಆರೋಗ್ಯನಗರವೆಂದು ಹೆಸರಿಟ್ಟಂತೆಯೇ ಆಯಿತು.

ಬೆಂಗಳೂರಿನ ಈಶಾನ್ಯ ದಿಕ್ಕಿನಲ್ಲಿ, ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವೆ, ಈ ಹೆಸರಿನ ಬಡಾವಣೆಯೊಂದಿದೆ. ಇಂದು ಅದರ ಬೀದಿಗಳಲ್ಲಿ ಆಸ್ಪತ್ರೆಗಳು, ಹೆರಿಗೆಮನೆಗಳು, ರಕ್ತಪರೀಕ್ಷೆಯ ಶಾಲೆಗಳು, ಔಷಧದ ಅಂಗಡಿಗಳು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ಕೆಲವು ದಶಕಗಳ ಹಿಂದೆ ಅಲ್ಲಿ ಹೊಲಗಳೂ ತೋಟಗಳೂ ಕೆರೆಯಂಗಳಗಳೂ ಇದ್ದುವು. ೧೯೭೬ರಲ್ಲಿ ಏರ್ಪಟ್ಟ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಆ ನೆಲವನ್ನು ನಿವೇಶನಗಳಾಗಿ ವಿಂಗಡಿಸಿದ ಮೇಲೆಯೇ ಅಲ್ಲಿ ಪೇಟೆಯ ಬಾಳು ಮೊದಲಾಯಿತು. ಅದಕ್ಕೆ ಮುಂಚೆ ಹೆಣ್ಣೂರು, ಬಾಣಸವಾಡಿ, ಲಿಂಗರಾಜಪುರಗಳ ಒಕ್ಕಲುಮನೆಗಳಲ್ಲಿ ಯಾರಿಗಾದರೂ ಮನೆಮದ್ದಿಗೆ ಮೀರಿದ ಕಾಯಿಲೆಯಾದರೆ ದಂಡಿನ ಆಸ್ಪತ್ರೆಯೇ ಸಮೀಪದ ಗತಿ. ದಂಡೆಂದರೆ ಬೆಂಗಳೂರಿನ ಕಂಟೋನ್ಮೆಂಟು. ಅಲ್ಲಿಯ ರೈಲುನಿಲ್ದಾಣವನ್ನು ಕನ್ನಡಿಗರು ಈಗಲೂ ದಂಡು ನಿಲ್ದಾಣವೆಂದೇ ಕರೆಯುವರು. ಕಲ್ಯಾಣನಗರದ ಆಸ್ಪತ್ರೆಗಳಿಗೆ ಪೂರ್ವಚರಿತ್ರೆಯೆಂಬುದು ಇದ್ದರೆ ಅದು ಈ ದಂಡಿನ ಆಸ್ಪತ್ರೆಗಳ ಚರಿತ್ರೆಯೇ ಆಗಿದೆ.

ಆ ಚರಿತ್ರೆಯನ್ನು ಕಟ್ಟಡಗಳ ಮತ್ತು ಮಂಚಗಳ ಲೆಕ್ಕದಿಂದ ಬರೆದುಬಿಡುವುದು ಸುಲಭ. ಆದರೆ ಆಸ್ಪತ್ರೆಯ ಬಾಗಿಲು ತೆರೆದಿದ್ದರೂ ರೋಗಿಯು ಅದನ್ನು ದಾಟಲು ಅಂಜಿ ಓಡಿಹೋದ ಕಾಲವೊಂದಿತ್ತು. ಆ ಅಂಜಿಕೆ ಹೇಗೆ ಹುಟ್ಟಿತು, ಯಾವುದರಿಂದ ಇಳಿಯಿತು ಎಂಬುದನ್ನು ವಿಚಾರಿಸಿದರೆ ಮಾತ್ರ ರೋಗಿಸೇವೆಯ ನಿಜವಾದ ಚರಿತ್ರೆಯು ತಿಳಿಯುವುದು.

ಹಳೆಯ ಅಳತೆಗೋಲು

ಚಿಕಿತ್ಸೆಯೆಂಬುದು ನಾಲ್ಕು ಪಾದಗಳ ಮೇಲೆ ನಿಂತಿದೆಯೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುವುದು. ವೈದ್ಯನು ಒಂದು ಪಾದ, ಔಷಧವು ಮತ್ತೊಂದು, ಪರಿಚಾರಕನು ಮೂರನೆಯದು, ರೋಗಿಯೇ ನಾಲ್ಕನೆಯದು. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅಲ್ಲಿ ವಿಧಿಸಿದೆ. ವೈದ್ಯನಿಗೆ ಶಾಸ್ತ್ರದಲ್ಲಿ ನಿರ್ಮಲವಾದ ತಿಳಿವಳಿಕೆ, ಬಹಳವಾಗಿ ನೋಡಿ ಮಾಡಿದ ಅನುಭವ, ದಕ್ಷತೆ, ಶುಚಿತ್ವ ಇವು ಬೇಕು. ಔಷಧವು ಬೇಕಾದಷ್ಟು ದೊರೆಯುವುದಾಗಿಯೂ ರೋಗಕ್ಕೆ ತಕ್ಕದ್ದಾಗಿಯೂ ಹಲವು ರೂಪಗಳಲ್ಲಿ ಸಿದ್ಧವಾಗಬಲ್ಲದ್ದಾಗಿಯೂ ಗುಣವುಳ್ಳದ್ದಾಗಿಯೂ ಇರಬೇಕು. ಪರಿಚಾರಕನಿಗೆ ಉಪಚಾರದ ತಿಳಿವು, ದಕ್ಷತೆ, ಶುಚಿತ್ವಗಳ ಜೊತೆಗೆ ಅನುರಾಗವೆಂಬ ಗುಣವೊಂದನ್ನು ಹೇಳಿದೆ. ಎಂದರೆ ರೋಗಿಯ ಮೇಲೆ ಪ್ರೀತಿ. ರೋಗಿಗೆ ನೆನಪು, ಹೇಳಿದಂತೆ ನಡೆಯುವಿಕೆ, ತನ್ನ ನೋವನ್ನು ತಿಳಿಸಬಲ್ಲ ಶಕ್ತಿ ಇವುಗಳ ಜೊತೆಗೆ ಅಭೀರುತ್ವವನ್ನು ಹೇಳಿದೆ; ಎಂದರೆ ಅಂಜದಿರುವುದು.

ಆಸ್ಪತ್ರೆಯ ಮನೆ ಹೇಗಿರಬೇಕೆಂಬುದೂ ಅದೇ ಗ್ರಂಥದಲ್ಲಿದೆ. ಗಟ್ಟಿಯಾದ ಕಟ್ಟಡವಾಗಿರಬೇಕು, ಬಿರುಗಾಳಿ ತಗುಲದೆ ಒಂದು ಭಾಗದಲ್ಲಿ ಮಾತ್ರ ಗಾಳಿಯಾಡಬೇಕು, ಹೊಗೆ, ಬಿಸಿಲು, ಧೂಳು ಬಾರದಿರಬೇಕು, ಅಡುಗೆಮನೆ, ಬಚ್ಚಲು, ಶೌಚಸ್ಥಾನ ಬೇರೆಬೇರೆಯಾಗಿರಬೇಕು. ಅನ್ನವನ್ನು ಬೇಯಿಸಬಲ್ಲವರು, ಮೀಯಿಸಬಲ್ಲವರು, ರೋಗಿಯನ್ನು ಹಿಡಿದೆತ್ತಿ ಕೂಡಿಸಬಲ್ಲವರು ಅಲ್ಲಿರಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಹಾಡಬಲ್ಲವರೂ ಕಥೆ ಪುರಾಣಗಳನ್ನು ಹೇಳಬಲ್ಲವರೂ ಇರಬೇಕು. ಕರುವಿರುವ ಹಾಲುಹಸುವೂ ಇರಬೇಕು. ಮಲಗಿದವನ ಮನಸ್ಸು ಕುಗ್ಗಬಾರದೆಂಬ ಎಚ್ಚರವು ಇಲ್ಲಿ ಸ್ಪಷ್ಟವಾಗಿದೆ.

ಕನ್ನಡನಾಡಿನಲ್ಲಿ ಇದು ಗ್ರಂಥದ ಮಾತಾಗಿಯೇ ಉಳಿಯಲಿಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅಲ್ಲಿ ದೀನರು, ಕುರುಡರು, ಕುಂಟರು, ಕಿವುಡರು ಮುಂತಾದವರಿಗೆ ಅನ್ನವಿಡುತ್ತಿದ್ದುದನ್ನೂ, ಗತಿಯಿಲ್ಲದ ರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದುದನ್ನೂ, ಅದು ಸಕಲ ಪ್ರಾಣಿಗಳಿಗೂ ಅಭಯದ ಸ್ಥಾನವಾಗಿದ್ದುದನ್ನೂ ಹೇಳುವುದು. ಅನ್ನ, ಔಷಧ, ಅಭಯ ಮೂರನ್ನೂ ಒಂದೇ ಸೂರಿನ ಕೆಳಗೆ ಇಟ್ಟ ಈ ಮಾತು ಬಹು ಬೆಲೆಯುಳ್ಳದ್ದು. ಮುಂದೆ ಬರುವ ಆಸ್ಪತ್ರೆಗಳನ್ನೆಲ್ಲ ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯಲಾರದು.

ದಂಡಿನ ಹುಟ್ಟು ಮತ್ತು ಬೌರಿಂಗ್ ಆಸ್ಪತ್ರೆ

ಬೆಂಗಳೂರಿನ ದಂಡು ಹುಟ್ಟಿದುದೇ ಆರೋಗ್ಯದ ಕಾರಣದಿಂದ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರ ಸೈನ್ಯವು ಅಲ್ಲಿಯೇ ಬೀಡುಬಿಟ್ಟಿತು. ಕಾವೇರಿಯ ನಡುಗಡ್ಡೆಯ ಜ್ವರವು ಆ ಸೈನಿಕರನ್ನು ಬಹುವಾಗಿ ಬಾಧಿಸಿತು. ಆಗ ಎತ್ತರದ ಒಣನೆಲವನ್ನು ಹುಡುಕಿ, ೧೮೦೯ರಲ್ಲಿ ಹಲಸೂರಿನ ಬಳಿಗೆ ಪಾಳೆಯವನ್ನು ಸಾಗಿಸಿದರು. ಸೈನ್ಯದ ಹಿಂದೆ ವರ್ತಕರು, ಬಡಗಿಗಳು, ಅಗಸರು, ಅಡುಗೆಯವರು, ಕುದುರೆಗೆ ಹುಲ್ಲು ತರುವವರು ಬಂದರು. ತಮಿಳು, ತೆಲುಗು, ಉರ್ದು, ಕನ್ನಡಗಳು ಬೆರೆತ ಪೇಟೆಯು ಬೆಳೆಯಿತು. ಸೈನಿಕರಿಗೆ ಸೈನ್ಯದ ಆಸ್ಪತ್ರೆಯಿದ್ದಿತು. ಪೇಟೆಯ ಬಡವನಿಗೆ ನಾಟಿವೈದ್ಯ, ಹಕೀಮ, ಸೂಲಗಿತ್ತಿ, ಗ್ರಾಮದೇವತೆ ಇವರೇ ದಿಕ್ಕು.

ಈ ಕೊರತೆಯನ್ನು ತುಂಬಲು ೧೮೬೦ರ ದಶಕದಲ್ಲಿ ಕಟ್ಟಿದುದು ಬೌರಿಂಗ್ ಆಸ್ಪತ್ರೆ. ೧೮೬೨ರಿಂದ ೧೮೭೦ರ ವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೆಂಥಮ್ ಬೌರಿಂಗನ ಹೆಸರು ಅದಕ್ಕೆ ಬಂದಿತು. ಅದರ ನಕ್ಷೆಗೆ ಪ್ಯಾರಿಸ್ ನಗರದ ಲಾರಿಬ್ವಾಸಿಯೇರ್ ಆಸ್ಪತ್ರೆಯನ್ನು ಮಾದರಿಯಾಗಿ ಇಟ್ಟುಕೊಂಡರು. ರೋಗಿಗಳನ್ನೆಲ್ಲ ಒಂದೇ ದೊಡ್ಡ ಮನೆಯಲ್ಲಿ ಒತ್ತೊತ್ತಾಗಿ ಮಲಗಿಸದೆ, ಬಿಡಿಬಿಡಿಯಾದ ಉದ್ದನೆಯ ಶಾಲೆಗಳನ್ನು ಕಟ್ಟಿ, ಎರಡು ಪಕ್ಕದಲ್ಲೂ ಕಿಟಕಿಗಳನ್ನಿಟ್ಟು, ನಡುವೆ ಮೊಗಸಾಲೆಯಿಂದ ಕೂಡಿಸುವುದು ಆ ಕ್ರಮ. ರೋಗಿಸೇವೆಯನ್ನು ಶಾಸ್ತ್ರವಾಗಿ ಮಾಡಿದ ಫ್ಲಾರೆನ್ಸ್ ನೈಟಿಂಗೇಲಳು ಈ ಕ್ರಮವನ್ನು ಬಹಳವಾಗಿ ಮೆಚ್ಚಿ ಬರೆದಿದ್ದಳು. ರೋಗವು ದುರ್ಗಂಧದ ಗಾಳಿಯಿಂದ ಹರಡುವುದೆಂಬುದು ಅಂದಿನ ನಂಬಿಕೆ. ನಂಬಿಕೆ ತಪ್ಪಾಗಿದ್ದರೂ ಅದರಿಂದ ಬಂದ ಬೆಳಕೂ ಗಾಳಿಯೂ ರೋಗಿಗೆ ಹಿತವಾಗಿಯೇ ಪರಿಣಮಿಸಿದುವು. ಚರಕನ ಮನೆಗೂ ಪ್ಯಾರಿಸಿನ ಮನೆಗೂ ಇರುವ ಹೋಲಿಕೆಯನ್ನು ವಾಚಕರು ಗಮನಿಸದಿರಲಾರರು.

೧೮೮೧ರಲ್ಲಿ ಮೈಸೂರು ಸಂಸ್ಥಾನವು ಮಹಾರಾಜರಿಗೆ ಮರಳಿ ಬಂದಾಗ ದಂಡು ಮಾತ್ರ ಇಂಗ್ಲಿಷರ ಕೈಯಲ್ಲಿಯೇ ಉಳಿಯಿತು. ಪೇಟೆಯು ದಿವಾನರ ಆಡಳಿತಕ್ಕೂ ದಂಡು ರೆಸಿಡೆಂಟರ ಆಡಳಿತಕ್ಕೂ ಸೇರಿದುವು. ಒಂದೇ ಊರಿಗೆ ಎರಡು ಮುನಿಸಿಪಾಲಿಟಿ, ಎರಡು ಪೊಲೀಸು, ಎರಡು ಆರೋಗ್ಯ ಇಲಾಖೆ. ಈ ಇಬ್ಬಗೆಯು ಮುಂದೆ ಸಂಕಟಕಾಲದಲ್ಲಿ ಕಷ್ಟಕ್ಕೆ ಕಾರಣವಾಯಿತು.

ಸ್ತ್ರೀಯರ ಆಸ್ಪತ್ರೆಗಳು

ಆಸ್ಪತ್ರೆಯ ಬಾಗಿಲು ಎಷ್ಟು ಅಗಲವಾಗಿದ್ದರೂ ಊರಿನ ಅರ್ಧ ಜನ ಅದರೊಳಕ್ಕೆ ಬರಲಿಲ್ಲ. ಗೋಷಾ ಪದ್ಧತಿಯ ಮುಸಲ್ಮಾನ ಸ್ತ್ರೀಯರು ಪರಪುರುಷನಾದ ವೈದ್ಯನಿಗೆ ಮುಖ ತೋರಿಸುವಂತಿರಲಿಲ್ಲ. ಹಿಂದೂ ಮನೆತನಗಳ ಸ್ತ್ರೀಯರಲ್ಲಿಯೂ ಈ ಸಂಕೋಚವು ಕಡಿಮೆಯಾಗಿರಲಿಲ್ಲ. ಹೆರಿಗೆಯು ಕಠಿಣವಾದರೂ ಮನೆಯ ಕತ್ತಲೆಯ ಕೋಣೆಯಲ್ಲಿಯೇ ಪ್ರಾಣ ಬಿಟ್ಟವರು ಅಸಂಖ್ಯಾತರು. ೧೮೮೫ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ನರು ಸ್ತ್ರೀಯರಿಗೆ ಸ್ತ್ರೀವೈದ್ಯರಿಂದಲೇ ಚಿಕಿತ್ಸೆ ದೊರೆಯಬೇಕೆಂದು ನಿಧಿಯೊಂದನ್ನು ಸ್ಥಾಪಿಸಿದರು. ದೇಶದಲ್ಲೆಲ್ಲ ಈ ವಿಚಾರವು ಹಬ್ಬಿತು.

ಬೆಂಗಳೂರಿನಲ್ಲಿ ಗುಡ್ ಷೆಫರ್ಡ್ ಸಂಘದ ಕ್ರೈಸ್ತ ಸನ್ಯಾಸಿನಿಯರು ೧೮೮೬ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ದಂಡಿನ ಒಳಗೆ, ಈಗ ಶಿವಾಜಿನಗರವೆನಿಸಿರುವ ಪೇಟೆಯಲ್ಲಿ, ಅಂತಃಪುರದ ಸ್ತ್ರೀಯರಿಗೆಂದೇ ಜೆನಾನಾ ಮಿಷನ್ನಿನ ಆಸ್ಪತ್ರೆಯು ೧೮೯೦ರ ದಶಕದಲ್ಲಿ ಬಂದಿತು. ಅದೇ ಈಗಿನ ಸಿ.ಎಸ್.ಐ. ಆಸ್ಪತ್ರೆ. ೨೦ನೆಯ ಶತಮಾನದ ಆದಿಭಾಗದಲ್ಲಿ ಬೌರಿಂಗ್ ಆಸ್ಪತ್ರೆಯ ಆವರಣದಲ್ಲಿ ಸ್ತ್ರೀಯರಿಗಾಗಿ ಲೇಡಿ ಕರ್ಜನ್ ಆಸ್ಪತ್ರೆಯು ಸೇರಿಕೊಂಡು, ಎರಡಕ್ಕೂ ಕೂಡಿ ಒಂದೇ ಹೆಸರು ನಿಂತಿತು. ಅನಂತರ ದಂಡಿನ ದಾನಶೀಲ ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಠರ ಔದಾರ್ಯದಿಂದ ಗೋಷಾ ಆಸ್ಪತ್ರೆಯು ಆಯಿತು. ಆಸ್ಪತ್ರೆಯ ಹೆಸರಿನಲ್ಲಿಯೇ ಗೋಷಾ ಎಂಬ ಮಾತನ್ನಿಟ್ಟುದು ವಿವೇಕದ ಕೆಲಸ. ನಿಮ್ಮ ಮಾನಕ್ಕೆ ಇಲ್ಲಿ ಭಂಗವಿಲ್ಲವೆಂದು ಮನೆಯೊಳಗಿನ ಹೆಂಗಸಿಗೆ ಬಾಗಿಲಲ್ಲಿಯೇ ಹೇಳಿದಂತಾಯಿತು. ಪದ್ಧತಿಯನ್ನು ಮುರಿದು ಬಾ ಎನ್ನದೆ, ಪದ್ಧತಿಯೊಡನೆಯೇ ಬಾ ಎಂದವರ ಬಳಿಗೆ ಜನರು ಬಂದರು. ಅಭಯವೆಂದರೆ ಇಂಥದು.

ಈ ಆಸ್ಪತ್ರೆಗಳಲ್ಲಿ ಪರಿಚಾರಕರೆಂಬ ಮೂರನೆಯ ಪಾದವನ್ನು ಹೊತ್ತವರು ಯಾರು? ಮೊದಮೊದಲು ಸನ್ಯಾಸಿನಿಯರು ಮತ್ತು ಆಂಗ್ಲೋ-ಇಂಡಿಯನ್ ಸ್ತ್ರೀಯರು. ಅನಂತರ ಕೇರಳದ ದಾದಿಯರು. ಇವರೆಲ್ಲರಿಗೂ ಕೆಳಗೆ ಆಯಾಗಳು, ತೋಟಿಗಳು. ಮೈಲಿಗೆಯ ಭಯದಿಂದ ಮೇಲಿನ ಜಾತಿಗಳವರು ಮುಟ್ಟಲೊಲ್ಲದ ಕೀವು, ರಕ್ತ, ಮಲಗಳನ್ನು ಇವರು ತೊಳೆದರು. ಕಟ್ಟಡಕ್ಕೆ ಹಣ ಕೊಟ್ಟವರ ಹೆಸರು ಕಲ್ಲಿನಲ್ಲಿದೆ. ಇವರ ಹೆಸರು ಎಲ್ಲಿಯೂ ಇಲ್ಲ.

ಮಾರಿ ಬಂದ ವರ್ಷ

೧೮೯೫ರಲ್ಲಿ ಬೆಂಗಳೂರಿನಲ್ಲಿ ವಾಂತಿಭೇದಿಯ ಬೇನೆ ಹಬ್ಬಿತು. ಅದನ್ನು ತಡೆಯಲು ಸೈನ್ಯದ ವೈದ್ಯನಾದ ರೊನಾಲ್ಡ್ ರಾಸನನ್ನು ಕಳುಹಿಸಿದರು. ೧೮೮೩ರಲ್ಲಿ ಇದೇ ಊರಿನಲ್ಲಿದ್ದಾಗ ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಹುಳುಗಳನ್ನು ಕಂಡು, ನೀರನ್ನು ಚೆಲ್ಲಿಸಿದರೆ ಸೊಳ್ಳೆ ತಗ್ಗುವುದೆಂದು ಅರಿತಿದ್ದವನು ಆತನೇ. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾ ಜ್ವರಕ್ಕೂ ಸೊಳ್ಳೆಗೂ ಇರುವ ಸಂಬಂಧವನ್ನು ಕಂಡುಹಿಡಿದು ೧೯೦೨ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಶ್ರೀರಂಗಪಟ್ಟಣದಿಂದ ದಂಡನ್ನು ಓಡಿಸಿದ ಜ್ವರದ ಮರ್ಮವು ಹೀಗೆ ದಂಡಿನಲ್ಲಿದ್ದವನೊಬ್ಬನಿಂದಲೇ ಬಯಲಾಯಿತು.

ಆದರೆ ವಾಂತಿಭೇದಿಗಿಂತ ಘೋರವಾದುದು ದಾರಿಯಲ್ಲಿತ್ತು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದು, ೧೮೯೮ರ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಪೇಟೆ, ದಂಡು ಎಂಬ ಗಡಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಡುವ ಕಾಲ ಬಂದಿತೆಂದು ಜನ ತಿಳಿದರು. ತೊಡೆಯ ಸಂದಿನಲ್ಲೋ ಕಂಕುಳಲ್ಲೋ ಗಡ್ಡೆಯೆದ್ದು, ಜ್ವರವೇರಿ, ಕೆಲವೇ ದಿನಗಳಲ್ಲಿ ಮನುಷ್ಯನು ಹೋಗುತ್ತಿದ್ದನು. ಆ ರೋಗದ ಕ್ರಿಮಿಯನ್ನು ಯರ್ಸಿನ್ ಎಂಬ ವೈದ್ಯನು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಇಲಿಯ ಮೈಯ ಚಿಗಟದಿಂದ ಅದು ಮನುಷ್ಯನಿಗೆ ಬರುವುದೆಂದು ಸಿಮಾಂಡನು ೧೮೯೮ರಲ್ಲಿಯೇ ಹೇಳಿದನಾದರೂ ಆ ಮಾತನ್ನು ಲೋಕವು ಒಪ್ಪಲು ವರ್ಷಗಳು ಹಿಡಿದುವು. ಬೆಂಗಳೂರಿನಲ್ಲಿ ಅಧಿಕಾರಿಗಳು ಕೈಗೊಂಡ ಕ್ರಮಗಳೆಲ್ಲ ಈ ತಿಳಿವಿಗೆ ಮುಂಚಿನವು.

೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅಧಿಕಾರಿಗಳ ಕೈಗೆ ಹಿಂದೆಂದೂ ಇಲ್ಲದ ಬಲವನ್ನು ಕೊಟ್ಟಿತ್ತು. ಮನೆಗಳನ್ನು ಶೋಧಿಸಬಹುದು, ರೋಗಿಯನ್ನು ಎತ್ತಿಕೊಂಡು ಹೋಗಬಹುದು, ಜೊತೆಯಲ್ಲಿದ್ದವರನ್ನು ಊರಹೊರಗಿನ ಕ್ಯಾಂಪಿನಲ್ಲಿ ಇಡಬಹುದು, ಹಾಸಿಗೆ ಬಟ್ಟೆಗಳನ್ನು ಸುಡಬಹುದು, ಮನೆಯ ಸೂರನ್ನು ಕಿತ್ತುಹಾಕಬಹುದು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಿತರಾದರು. ದಂಡಿನಲ್ಲಿ ರೆಸಿಡೆಂಟರ ಅಧಿಕಾರಿಗಳು ಅದನ್ನೇ ನಡೆಸಿದರು. ಉದ್ದೇಶವು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ತಾಯಿಯ ಬಳಿಯಿಂದ ಮಗನನ್ನು, ಗಂಡನ ಬಳಿಯಿಂದ ಹೆಂಡತಿಯನ್ನು ಅಪರಿಚಿತರು ಬಂದು ಎತ್ತಿಕೊಂಡು ಹೋಗುವಾಗ ಉದ್ದೇಶವನ್ನು ವಿಚಾರಿಸುವವರು ಯಾರು? ಅಲ್ಲಿ ಯಾರ ಕೈಯ ನೀರು, ಯಾರು ಬಡಿಸಿದ ಅನ್ನ, ಸತ್ತರೆ ಸಂಸ್ಕಾರವೇನು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರಿರಲಿಲ್ಲ.

ಫಲವೇನಾಯಿತೆಂದರೆ, ಜನರು ರೋಗವನ್ನು ಮುಚ್ಚಿಟ್ಟರು. ಗಡ್ಡೆಯೆದ್ದವನನ್ನು ಅಟ್ಟದ ಮೇಲೆ ಅಡಗಿಸಿದರು. ಹೆಣವನ್ನು ರಾತ್ರಿಯೇ ಸಾಗಿಸಿದರು. ಇನ್ನೇನೂ ಆಗದೆಂಬ ಸ್ಥಿತಿಯಲ್ಲಿ ಮಾತ್ರ ರೋಗಿಯು ಆಸ್ಪತ್ರೆಗೆ ಸೇರುತ್ತಿದ್ದನು, ಸೇರಿದವನು ಸಾಯುತ್ತಿದ್ದನು. ಆಸ್ಪತ್ರೆಗೆ ಹೋದವನು ಸಾಯುವನೆಂದು ಜನರು ನಿಶ್ಚಯಿಸಿದರು. ಆದುದರಿಂದ ಇನ್ನೂ ತಡವಾಗಿ ಹೋದರು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವೊಂದಿದೆ: ಇದಕ್ಕೆ ಅದು ಆಧಾರ, ಅದಕ್ಕೆ ಇದು ಆಧಾರ, ಎರಡೂ ನಿಲ್ಲಲಾರವು. ಭಯದಿಂದ ತಡ, ತಡದಿಂದ ಮರಣ, ಮರಣದಿಂದ ಭಯ. ವೈದ್ಯನಿದ್ದನು, ಇದ್ದಷ್ಟು ಔಷಧವೂ ಇತ್ತು. ನಾಲ್ಕನೆಯ ಪಾದವು ಮುರಿದುದರಿಂದ ಚಿಕಿತ್ಸೆಯೇ ಕುಸಿಯಿತು.

ಈ ಭಯವು ಬೆಂಗಳೂರಿಗೆ ಮಾತ್ರ ಸೇರಿದುದಲ್ಲ. ಪುಣೆಯಲ್ಲಿ ೧೮೯೭ರ ಜೂನಿನಲ್ಲಿ ಪ್ಲೇಗ್ ಅಧಿಕಾರಿಯಾದ ರ‍್ಯಾಂಡನ ಮೇಲೆ ಗುಂಡು ಹಾರಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ೧೮೯೮ರಲ್ಲಿ ಪ್ಲೇಗ್ ನಿಬಂಧನೆಗಳ ವಿರುದ್ಧ ಗಲಭೆಯಾಯಿತು. ಬೆಂಗಳೂರಿನ ಜನರು ಗಲಭೆಗಿಂತ ದೇವರ ಮೊರೆಯನ್ನೇ ಹೆಚ್ಚಾಗಿ ಹೊಕ್ಕರು. ಪ್ಲೇಗ್ ಮಾರಮ್ಮನೆಂಬ ಹೊಸ ದೇವತೆಗೆ ಗುಡಿಗಳೆದ್ದುವು. ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಪೂಜೆ ಸಲ್ಲುತ್ತಿದೆ. ಇದನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ಮಾರಮ್ಮನ ಗುಡಿಯಲ್ಲಿ ತಾಯಿಯು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂಡಬಹುದಾಗಿತ್ತು. ಪ್ಲೇಗ್ ಆಸ್ಪತ್ರೆಯಲ್ಲಿ ಕೂಡುವಂತಿರಲಿಲ್ಲ. ಔಷಧವು ಎರಡು ಕಡೆಯೂ ಇಲ್ಲದಿದ್ದ ಕಾಲದಲ್ಲಿ ಜನರು ಅಭಯವಿದ್ದ ಕಡೆಗೆ ಹೋದುದರಲ್ಲಿ ಆಶ್ಚರ್ಯವೇನು?

ಅನುರಾಗದ ಪರಿಚಾರಕರು

ಆ ಕತ್ತಲೆಯಲ್ಲಿಯೂ ದೀಪಗಳಿದ್ದುವು. ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ ದುಡಿದವರೊಳಗೆ ಡಾಕ್ಟರ್ ಪದ್ಮನಾಭನ್ ಪಲ್ಪು ಅವರ ಹೆಸರನ್ನು ಮೊದಲು ಹೇಳಬೇಕು. ೧೮೬೩ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಪಲ್ಪು ಈಳವ ಜಾತಿಯವರು. ಜಾತಿಯ ಕಾರಣದಿಂದಲೇ ತಿರುವಾಂಕೂರಿನ ವೈದ್ಯಶಾಲೆಯು ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಮದರಾಸಿಗೆ ಹೋಗಿ ಓದಿ ತೇರ್ಗಡೆಯಾಗಿ ಬಂದರು. ಆಗಲೂ ತಿರುವಾಂಕೂರು ಸರ್ಕಾರವು ಉದ್ಯೋಗ ಕೊಡಲಿಲ್ಲ. ಮೈಸೂರು ಸಂಸ್ಥಾನವು ಅವರನ್ನು ತನ್ನ ಸೇವೆಗೆ ತೆಗೆದುಕೊಂಡಿತು. ಸಿರಿವಂತರೂ ಅಧಿಕಾರಿಗಳೂ ಊರು ಬಿಟ್ಟು ಹೋಗುತ್ತಿದ್ದ ದಿನಗಳಲ್ಲಿ ಅವರು ಪ್ಲೇಗ್ ರೋಗಿಗಳ ನಡುವೆ ನಿಂತು ಕೆಲಸ ಮಾಡಿದರು. ತನ್ನ ನಾಡಿನಲ್ಲಿ ಮುಟ್ಟಬಾರದವನೆನಿಸಿಕೊಂಡ ವೈದ್ಯನು ಪರನಾಡಿನಲ್ಲಿ ಯಾರೂ ಮುಟ್ಟಲೊಲ್ಲದ ರೋಗಿಗಳನ್ನು ಮುಟ್ಟಿದನು. ಇದಕ್ಕಿಂತ ದ್ಯೋತಕವಾದ ಸಂಗತಿಯು ಆ ವರ್ಷದ ಚರಿತ್ರೆಯಲ್ಲಿ ಮತ್ತೊಂದಿಲ್ಲ.

ಪುಣೆಯ ಸಾವಿತ್ರೀಬಾಯಿ ಫುಲೆಯವರ ಮಾತನ್ನೂ ಇಲ್ಲಿ ನೆನೆಯಬೇಕು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಆ ತಾಯಿಯು, ವೈದ್ಯನಾಗಿದ್ದ ತನ್ನ ಸಾಕುಮಗನೊಡನೆ ಪ್ಲೇಗ್ ರೋಗಿಗಳ ಶುಶ್ರೂಷೆಗೆ ನಿಂತು, ಅದೇ ರೋಗ ತಗುಲಿ ೧೮೯೭ರ ಮಾರ್ಚ್ ೧೦ರಂದು ದೇಹವನ್ನು ಬಿಟ್ಟರು. ಅನುರಾಗವೆಂದು ಚರಕನು ಹೇಳಿದ ಗುಣಕ್ಕೆ ಇವರೆಲ್ಲ ಜೀವಂತ ಉದಾಹರಣೆಗಳು.

ಜನರ ವಿಶ್ವಾಸವನ್ನು ಗಳಿಸುವ ಬಗೆ ಬೇರೆಯೂ ಉಂಟೆಂಬುದಕ್ಕೆ ಮೈಸೂರಿನಲ್ಲಿಯೇ ಹಳೆಯ ನಿದರ್ಶನವೊಂದಿದ್ದಿತು. ಸಿಡುಬಿಗೆ ದೇವಿ ಹಾಕುವ ಕ್ರಮವು ಈ ದೇಶಕ್ಕೆ ಬಂದ ಹೊಸದರಲ್ಲಿ, ೧೮೦೫ರ ಸುಮಾರಿಗೆ, ಮೈಸೂರಿನ ರಾಣಿವಾಸದವರೇ ಅದಕ್ಕೆ ಒಪ್ಪಿದರು. ತಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೂವರು ರಾಣಿಯರ ಚಿತ್ರದಲ್ಲಿ ಒಬ್ಬರು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದೇವಿ ಹಾಕಿಸಿಕೊಂಡ ಗುರುತನ್ನು ಜನರಿಗೆ ತಿಳಿಸುವುದಕ್ಕೇ ಎಂದು ಚರಿತ್ರಕಾರರು ವ್ಯಾಖ್ಯಾನ ಮಾಡಿರುವರು. ಅಲ್ಲಿ ಅರಮನೆಯು ತನ್ನ ತೋಳನ್ನು ಮೊದಲು ಕೊಟ್ಟಿತು. ಪ್ಲೇಗಿನ ವರ್ಷದಲ್ಲಿ ಪೊಲೀಸಿನವನು ಮೊದಲು ಬಂದನು.

ಕಲಿತ ಪಾಠ

ಪಾಠವನ್ನು ಸರ್ಕಾರವು ಕಲಿಯದೆ ಹೋಗಲಿಲ್ಲ. ೧೯೦೦ರ ಹೊತ್ತಿಗೆ ಬಲಾತ್ಕಾರದಿಂದ ರೋಗವು ಅಡಗುವುದೇ ಹೊರತು ಹೋಗುವುದಿಲ್ಲವೆಂಬುದು ಭಾರತ ಸರ್ಕಾರಕ್ಕೆ ಮನದಟ್ಟಾಯಿತು. ಎಳೆದೊಯ್ಯುವ ಪದ್ಧತಿಯು ಸಡಿಲವಾಯಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ಜನರ ಹಳೆಯ ರೂಢಿಯನ್ನೇ ಒಪ್ಪಿ ಅದಕ್ಕೆ ನೆರವು ಕೊಟ್ಟರು. ಹಾಫ್ಕಿನನು ೧೮೯೭ರಲ್ಲಿ ಮುಂಬಯಿಯಲ್ಲಿ ತನ್ನ ಮೈಗೆ ಮೊದಲು ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಒಲಿಸಿ ಕೊಡುವುದು ರೂಢಿಗೆ ಬಂದಿತು. ೧೯೦೦ರ ಡಿಸೆಂಬರಿನಲ್ಲಿ ಪೇಟೆಯ ಕಡೆ ವಿಕ್ಟೋರಿಯಾ ಆಸ್ಪತ್ರೆಯು ತೆರೆಯಿತು. ಅದಕ್ಕೆ ಅಡಿಗಲ್ಲನ್ನಿಟ್ಟವರು, ಪತಿ ಚಾಮರಾಜೇಂದ್ರ ಒಡೆಯರನ್ನು ೧೮೯೪ರಲ್ಲಿ ಗಂಟಲುಬೇನೆಯಿಂದ ಕಳೆದುಕೊಂಡು ರಾಜ್ಯಭಾರವನ್ನು ಹೊತ್ತಿದ್ದ ವಾಣೀವಿಲಾಸ ಸನ್ನಿಧಾನದವರು.

ದಂಡಿನಲ್ಲಿ ಇನ್ನೊಂದು ಬಗೆಯ ಚಿಕಿತ್ಸೆ ನಡೆಯಿತು. ಅದು ಮನೆಗಳಿಗೆ ಮಾಡಿದ ಚಿಕಿತ್ಸೆ. ಇಕ್ಕಟ್ಟಾದ ಬ್ಲ್ಯಾಕ್‌ಪಲ್ಲಿಯ ಗಲ್ಲಿಗಳಿಂದ ಜನರನ್ನು ಬಿಡಿಸಿ ೧೯೧೦ರ ಸುಮಾರಿಗೆ ಫ್ರೇಜರ್ ಟೌನೆಂಬ ಬಡಾವಣೆಯನ್ನು ಕಟ್ಟಿದರು. ರೆಸಿಡೆಂಟರಾಗಿದ್ದ ಸ್ಟುಅರ್ಟ್ ಫ್ರೇಜರರ ಹೆಸರು ಅದಕ್ಕೆ. ಈಗ ಅದು ಪುಲಿಕೇಶಿನಗರ. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಇಲಿ ಕೊರೆಯಲಾಗದ ತಳಪಾಯ ಇವು ಅದರ ಲಕ್ಷಣಗಳು. ಈ ಕ್ರಮವನ್ನು ರೂಪಿಸಿದ ಜೆ. ಎಚ್. ಸ್ಟೀಫನ್ಸರು ಪ್ಲೇಗ್ ತಾಗದ ಊರನ್ನು ಕಟ್ಟುವ ವಿಷಯವಾಗಿ ೧೯೧೪ರಲ್ಲಿ ಗ್ರಂಥವನ್ನೇ ಬರೆದರು. ಕಲ್ಯಾಣನಗರಕ್ಕೆ ಹೋಗುವ ದಾರಿಯಲ್ಲಿಯೇ ಈ ಬಡಾವಣೆಯಿದೆ. ಬೆಂಗಳೂರು ಈಶಾನ್ಯಕ್ಕೆ ಬೆಳೆದುದರ ಮೊದಲ ಮೆಟ್ಟಿಲನ್ನು ಇಟ್ಟುದು ಪ್ಲೇಗೆಂದರೆ ತಪ್ಪಲ್ಲ. ಅಂಟುರೋಗಗಳಿಗೆಂದು ಹಳೆಯ ಮದರಾಸು ರಸ್ತೆಯ ಬಳಿ ಪ್ರತ್ಯೇಕ ಆಸ್ಪತ್ರೆಯೊಂದು ನೆಲೆಯಾಯಿತು.

೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಬಂದಾಗ ಬೆಂಗಳೂರಿನ ನಡೆವಳಿಕೆಯೇ ಬೇರೆಯಾಗಿತ್ತು. ರೋಗಿಯನ್ನು ಎಳೆದೊಯ್ಯುವುದರ ಬದಲು ಸ್ವಯಂಸೇವಕರು ಮನೆಮನೆಗೆ ಔಷಧವನ್ನೂ ಗಂಜಿಯನ್ನೂ ಕೊಂಡೊಯ್ದರು. ಆ ಜ್ವರಕ್ಕೆ ತಕ್ಕ ಔಷಧವು ಆಗ ಲೋಕದಲ್ಲೆಲ್ಲಿಯೂ ಇರಲಿಲ್ಲ. ಮನೆಯವರೆಲ್ಲರೂ ಒಟ್ಟಿಗೆ ಮಲಗಿದ್ದ ಕಡೆ ಗಂಜಿ ಕಾಯಿಸಿ ಕೊಟ್ಟ ಕೈಯೇ ಔಷಧವಾಯಿತು.

ಈಚಿನ ಕಾಲ

೧೯೪೭ರ ಜುಲೈ ೨೬ರಂದು ದಂಡು ಮೈಸೂರಿಗೆ ಮರಳಿ ಸೇರಿತು. ೧೯೪೯ರಲ್ಲಿ ಎರಡು ಮುನಿಸಿಪಾಲಿಟಿಗಳೂ ಕೂಡಿ ಒಂದೇ ನಗರಸಭೆಯಾಯಿತು. ಬ್ಲ್ಯಾಕ್‌ಪಲ್ಲಿಯು ಶಿವಾಜಿನಗರವಾಯಿತು. ಊರು ಪೂರ್ವಕ್ಕೆ ಹಬ್ಬಿದಂತೆಲ್ಲ ಆಸ್ಪತ್ರೆಗಳೂ ಹಬ್ಬಿದುವು. ಇಂದಿರಾನಗರದಲ್ಲಿ ಚಿನ್ಮಯ ಮಿಷನ್ನಿನ ಆಸ್ಪತ್ರೆಯು ಎಷ್ಟು ಜನಪ್ರಿಯವಾಯಿತೆಂದರೆ ಅದರ ಮುಂದಿನ ಬೀದಿಗೇ ಆಸ್ಪತ್ರೆಯ ಹೆಸರು ನಿಂತಿತು. ಅಲ್ಲಿಯೇ ಸರ್ಕಾರದ ಸರ್ ಸಿ. ವಿ. ರಾಮನ್ ಆಸ್ಪತ್ರೆಯೂ ಇದೆ. ಬೌರಿಂಗ್ ಆಸ್ಪತ್ರೆಯು ಇತ್ತೀಚೆಗೆ ವೈದ್ಯಕೀಯ ಕಾಲೇಜಿನ ಅಂಗವಾಗಿ, ವೈದ್ಯರನ್ನು ತಯಾರುಮಾಡುವ ಸ್ಥಾನವೂ ಆಗಿದೆ. ೨೦೨೦ರಲ್ಲಿ ಶಿವಾಜಿನಗರದ ಬ್ರಾಡ್‌ವೇ ರಸ್ತೆಯಲ್ಲಿ ಸರ್ಕಾರವು ತೆರೆದ ಹೊಸ ಆಸ್ಪತ್ರೆಗೆ ಚರಕನ ಹೆಸರನ್ನೇ ಇಟ್ಟರು.

ಆ ಹೆಸರಿಗೆ ಪರೀಕ್ಷೆಯ ಕಾಲವು ಒಡನೆಯೇ ಬಂದಿತ್ತು. ೨೦೨೦ರಲ್ಲಿ ಕೋವಿಡ್ ರೋಗವು ಹಬ್ಬಿದಾಗ ೧೮೯೭ರ ಅದೇ ಕಾಯಿದೆಯನ್ನು ಸರ್ಕಾರಗಳು ಹೊರತೆಗೆದುವು. ಮನೆಗಳ ಬಾಗಿಲಿಗೆ ಚೀಟಿ ಅಂಟಿಸಿದರು, ಬೀದಿಗಳಿಗೆ ಅಡ್ಡಗಟ್ಟೆ ಹಾಕಿದರು. ಮಲಗಿದವರ ಬಳಿಗೆ ಮನೆಯವರನ್ನು ಬಿಡಲಿಲ್ಲ. ಹೆಣದ ಮುಖ ನೋಡುವುದೂ ದುಸ್ತರವಾಯಿತು. ನೂರಿಪ್ಪತ್ತೆರಡು ವರ್ಷಗಳ ಹಿಂದಿನ ಅಂಜಿಕೆಯು ಮರಳಿ ಬಂದು, ರೋಗವನ್ನು ಮುಚ್ಚಿಡುವವರೂ ಪರೀಕ್ಷೆಗೆ ಹೆದರುವವರೂ ಕಾಣಿಸಿಕೊಂಡರು. ಇನ್ನೊಂದು ಸಂಗತಿಯು ವಿಚಾರಾರ್ಹವಾಗಿದೆ. ಯಾವ ಕಾಯಿದೆಯು ಒಮ್ಮೆ ಅಧಿಕಾರಿಗಳಿಗೆ ರೋಗಿಯ ಮೇಲೆ ಬಲವನ್ನು ಕೊಟ್ಟಿತೋ, ಅದನ್ನೇ ೨೦೨೦ರಲ್ಲಿ ತಿದ್ದಿ, ವೈದ್ಯರನ್ನೂ ದಾದಿಯರನ್ನೂ ಹೊಡೆಯುವವರಿಗೆ ಶಿಕ್ಷೆಯನ್ನು ವಿಧಿಸಬೇಕಾಯಿತು. ಮೊದಲು ರೋಗಿಯು ಆಸ್ಪತ್ರೆಗೆ ಅಂಜಿದನು. ಈಗ ಆಸ್ಪತ್ರೆಯು ರೋಗಿಯ ಬಂಧುಗಳಿಗೆ ಅಂಜುವ ಕಾಲವೂ ಬಂದಿತು. ಅಭಯವು ಒಂದು ಕಡೆ ಹರಿದರೆ ಎರಡು ಕಡೆಯೂ ಹರಿಯುವುದು.

ಹಳೆಯ ಭಯಗಳು ಕಳೆದು ಹೊಸ ಭಯವೊಂದು ಈಗ ಮಧ್ಯಮವರ್ಗದ ಮನೆಗಳನ್ನು ಕಾಡುತ್ತಿದೆ; ಅದು ಬಿಲ್ಲಿನ ಭಯ. ಎದೆನೋವೆಂದು ನರಳುವವನು ಮೊದಲು ಯೋಚಿಸುವುದು ಎದೆಯನ್ನಲ್ಲ, ಮುಂಗಡ ಹಣವನ್ನು. ಪ್ಲೇಗಿನ ಕಾಲದಂತೆಯೇ ಈ ಭಯದಿಂದಲೂ ತಡವಾಗುವುದು, ತಡದಿಂದ ಕೆಡುಕಾಗುವುದು. ಇದನ್ನರಿತೇ ಕರ್ನಾಟಕದ ಶಾಸನಸಭೆಯು ಖಾಸಗಿ ಆಸ್ಪತ್ರೆಗಳ ವಿಷಯವಾದ ೨೦೦೭ರ ಕಾಯಿದೆಗೆ ೨೦೧೭ರಲ್ಲಿ ತಿದ್ದುಪಡಿಯನ್ನು ತಂದಿತು. ತುರ್ತುಚಿಕಿತ್ಸೆಗೆ ಮುಂಗಡಕ್ಕಾಗಿ ಕಾಯಬಾರದೆಂದೂ, ಬಾಕಿ ಹಣಕ್ಕಾಗಿ ಸತ್ತವನ ದೇಹವನ್ನು ತಡೆಹಿಡಿಯಬಾರದೆಂದೂ ಅಲ್ಲಿ ವಿಧಿಸಿದೆ. ೨೦೧೮ರಿಂದ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೂ ಬಡಾವಣೆಗಳಲ್ಲಿ ತೆರೆದಿರುವ ನಮ್ಮ ಕ್ಲಿನಿಕ್‌ಗಳೂ ಈ ಭಯವನ್ನು ತಗ್ಗಿಸುವ ಉಪಾಯಗಳೇ. ಮನೆಮನೆಗೆ ನಡೆದುಹೋಗಿ ಬಸುರಿಯ ಹೆಸರನ್ನೂ ಮಗುವಿನ ಲಸಿಕೆಯನ್ನೂ ನೆನಪಿಡುವ ಆಶಾ ಕಾರ್ಯಕರ್ತೆಯು, ೧೯೧೮ರಲ್ಲಿ ಗಂಜಿ ಹೊತ್ತು ತಿರುಗಿದವರ ವಂಶಕ್ಕೆ ಸೇರಿದವಳು.

ಕಲ್ಯಾಣನಗರದಂಥ ಬಡಾವಣೆಯಲ್ಲಿ ಇಂದು ವೈದ್ಯರಿಗೆ ಕೊರತೆಯಿಲ್ಲ. ೧೮೯೮ರಲ್ಲಿ ಕನಸಿನಲ್ಲಿಯೂ ಇಲ್ಲದ ಔಷಧಗಳು ಬೀದಿಯ ಅಂಗಡಿಯಲ್ಲಿ ದೊರೆಯುತ್ತವೆ. ಪ್ಲೇಗಿಗೂ ಈಗ ಔಷಧವುಂಟು. ಚತುಷ್ಪಾದದಲ್ಲಿ ಮೊದಲಿನ ಎರಡು ಪಾದಗಳು ಹೀಗೆ ಗಟ್ಟಿಯಾಗಿವೆ. ಉಳಿದ ಎರಡನ್ನು ಹಣದಿಂದ ಕೊಳ್ಳಲಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಮುದುಕಿಯೊಬ್ಬಳು ನೀರು ಕೇಳಿದಾಗ ಎದ್ದು ಬರುವ ದಾದಿಯ ಮುಖದಲ್ಲಿ ಬೇಸರವಿದೆಯೋ ಅನುರಾಗವಿದೆಯೋ, ಕನ್ನಡವೊಂದನ್ನೇ ಬಲ್ಲ ಹಳ್ಳಿಯವನಿಗೆ ಅವನ ಕಾಯಿಲೆಯನ್ನು ಅವನ ಮಾತಿನಲ್ಲಿ ತಿಳಿಸುವವರು ಇದ್ದಾರೋ ಇಲ್ಲವೋ, ಬಾಗಿಲಲ್ಲಿ ನಿಂತವನು ಅಂಜುತ್ತ ಬರುವನೋ ಅಂಜದೆ ಬರುವನೋ, ಇವುಗಳಿಂದ ಆಸ್ಪತ್ರೆಯ ಯೋಗ್ಯತೆಯನ್ನು ತಿಳಿಯಬೇಕು. ಬಳ್ಳಿಗಾವೆಯ ಮಠವು ಅನ್ನ, ಔಷಧಗಳೊಡನೆ ಅಭಯವನ್ನೂ ಕೊಟ್ಟಿತೆಂದು ಅಂದಿನವರು ಕಲ್ಲಿನಲ್ಲಿ ಬರೆಯಿಸಿದರು. ಕಲ್ಯಾಣನಗರದ ಆಸ್ಪತ್ರೆಗಳಲ್ಲಿ ವಾಸಿಯಾಗಿ ಮನೆಗೆ ಮರಳುವವರೂ ತಮ್ಮ ನೆರೆಯವರೊಡನೆ ಅದೇ ಮಾತನ್ನು ಆಡುವಂತಾದರೆ, ಆ ಊರಿನ ಹೆಸರು ಅನ್ವರ್ಥವಾಗುವುದು.